ಅಪ್‌ಡೇಟ್: ಅಂಕಾರಾ ಬಟ್ಟೆ ಬ್ಲೌಸ್ ರೆಡಿ ಆಯ್ತು
ನೈಜೀರಿಯಾದ ಲೇಗೋಸ್‌ನ ಬಾಲೋಗನ್ ಮಾರ್ಕೆಟಲ್ಲಿ ತಗೊಂಡಿದ್ದ ಅಂಕಾರಾ (ಆಫ್ರಿಕಾದ ವ್ಯಾಕ್ಸ್ ಪ್ರಿಂಟ್ ಕಾಟನ್) ಪೀಸಲ್ಲಿ ಟೈಟ್ ಫಿಟ್ಟಿಂಗ್ ಬ್ಲೌಸ್ ಹೊಲಿದ್ರೆ ಡಾರ್ಟ್ (ಮೈಗೆ ಸರಿಯಾಗಿ ಕೂರೋಕೆ ಬಟ್ಟೆ ಮಡಚಿ ಹಾಕೋ ಹೊಲಿಗೆ) ಬರೋ ಕಡೆ ದೊಡ್ಡ ಚಕ್ರದ ಡಿಸೈನ್ ಮುರಿದೋಗುತ್ತೆ, ಏನ್ಮಾಡ್ಲಿ ಅಂತ ಕೇಳಿದ್ನಲ್ಲ, ಹೊಲಿದು ಮುಗೀತು. ನೀವು ಹೇಳಿದಂಗೆ ಮೊದ್ಲು ನೆನೆಸಿ ಒಣಗಿಸಿದೆ, ಗಂಜಿ ಬಿಟ್ಟು ಮೆತ್ತಗಾಯ್ತು. ಡಾರ್ಟ್ ಬಿಟ್ಟು ಪ್ರಿನ್ಸೆಸ್ ಕಟ್ (ಮೇಲಿಂದ ಕೆಳಗೆ ಉದ್ದ ಹೊಲಿಗೆ ಹಾಕಿ ಪೀಸ್ ಜೋಡಿಸೋದು) ಮಾಡ್ದೆ, ಮುಂದಿನ ನಡುವಿನ ಪೀಸನ್ನ ಒಂದು ಚಕ್ರದ ಮೇಲೆ ಸರಿಯಾಗಿ ಇಟ್ಟು ಕತ್ತರಿಸಿದ್ರಿಂದ ಡಿಸೈನ್ ಪೂರ್ತಿ ಕೂತಿದೆ, ಬಟ್ಟೆ ಮಾತ್ರ ಜಾಸ್ತಿ ತಿನ್ನುತ್ತೆ. ಇದು ಚೂರೂ ಸ್ಟ್ರೆಚ್ ಆಗಲ್ಲ, ಹಂಗಾಗಿ ಎದೆ ಸುತ್ತಳತೆಗೆ 2 ಇಂಚು ಲೂಸ್ ಬಿಟ್ಟು ಸೈಡ್ ಝಿಪ್ ಹಾಕಿದೀನಿ. ಪ್ರಿಂಟ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಉಲ್ಟಾ ಸೀದಾ ಚಾಕಲ್ಲಿ ಗುರುತು ಹಾಕ್ಕೊಳ್ಳಿ. ಲೈನಿಂಗ್ ಬೇಡ ಅಂದವ್ರ ಮಾತು ನಾನಂತೂ ಒಪ್ಪಲ್ಲ, ಇಲ್ಲಿನ ಬೆವರಿಗೆ ತೆಳು ಕಾಟನ್ ಲೈನಿಂಗ್ ಬೇಕೇ ಬೇಕು.