ಕಾಣಿಕೆ ಚೀಲ, ಕ್ಯೂಆರ್ ಹಾಳೆ ಮತ್ತು ಮಗನ ದಶಮಾಂಶ: ನಿಮ್ಮ ಅನುಭವ ತಿಳಿಸಿ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಉಡುಪಿ ಕಡೆಯ ಒಂದು ಸಣ್ಣ ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಪಂಥದ) ಸಭೆಗೆ ನಾನು ಖಜಾಂಚಿ. ಕಳೆದ ಬೆಳೆ ಹಬ್ಬದಂದು ಬಾಗಿಲ ಬಳಿ ಕ್ಯೂಆರ್ ಹಾಳೆ ಅಂಟಿಸಿದೆವು. ಅಂದಿನಿಂದ ಕಾಣಿಕೆ ಹೆಚ್ಚಾಗಿದೆ, ನನ್ನ ನೆಮ್ಮದಿ ಕಡಿಮೆಯಾಗಿದೆ. ಮೊದಲು ಚೀಲ ಸುರಿದರೆ ಯಾರು ಹತ್ತು ಹಾಕಿದರು, ಯಾರು ಐನೂರು ಹಾಕಿದರು ಎಂದು ತಿಳಿಯುತ್ತಿರಲಿಲ್ಲ. ಈಗ ಭಾನುವಾರ ಸಂಜೆ ಖಾತೆಯ ವಿವರ ತೆರೆದರೆ ಹೆಸರು, ಮೊತ್ತ, ಗಂಟೆ, ನಿಮಿಷ ಎಲ್ಲವೂ ಇರುತ್ತದೆ. ಪ್ರಸಂಗ ನಡೆಯುತ್ತಿರುವಾಗಲೇ ಕಳುಹಿಸಿದವರೂ ಸಿಕ್ಕಿಬೀಳುತ್ತಾರೆ. ಕಾರು ಕೊಂಡವರು ಇಪ್ಪತ್ತು ರೂಪಾಯಿ ಹಾಕಿದ್ದನ್ನು ಕಂಡ ಮೇಲೆ ಅವರ ಕೈ ಕುಲುಕುವಾಗ ನನಗೆ ಏನೋ ಆಗುತ್ತದೆ.

ಎರಡನೆಯದು ಮನೆಯ ವಿಷಯ. ಬೆಂಗಳೂರಿನಲ್ಲಿರುವ ಮಗ ಕ್ರಿಪ್ಟೊದಲ್ಲಿ ಬಂದ ಲಾಭದ ದಶಮಾಂಶವೆಂದು, ಅಂದರೆ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲೆಂದು, ₹40,000 ಕಳುಹಿಸಿದ್ದಾನೆ. ಅವನ ತಾಯಿ, "ಜೂಜಿನ ದುಡ್ಡು, ದೇವರ ಮನೆಗೆ ಬೇಡ" ಎನ್ನುತ್ತಾಳೆ. ನಮ್ಮ ಪಾದ್ರಿ ಅಯ್ಯನವರನ್ನು ಕೇಳುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.

ಮಂಗಳೂರಿನಿಂದ

ಅಣ್ಣ, ನಾನು ಕಥೋಲಿಕ. ನಮ್ಮ ಚರ್ಚಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಓಜಾನಾಂ ಎಂಬ ಕಾನೂನು ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಸಂಘವಿದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವುದು ಇದರ ಮುಖ್ಯ ಕೆಲಸ. ಪ್ರತಿ ಕೂಟದಲ್ಲೂ ಒಂದು ಬಟ್ಟೆ ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಷ್ಟಿ ಕಟ್ಟಿಯೇ ಕೈ ಹಾಕುತ್ತೇವೆ. ಯಾರದೆಷ್ಟು ಎಂದು ಯಾರೂ ಕೇಳುವುದಿಲ್ಲ, ಬರೆದಿಡುವುದೂ ಇಲ್ಲ.

ಕುವೈತಿನ ಕೆಲಸ ಹೋಗಿ ಊರಿಗೆ ಬಂದ ವರ್ಷ ಏಳು ತಿಂಗಳು ನಾನು ಆ ಚೀಲಕ್ಕೆ ಖಾಲಿ ಮುಷ್ಟಿ ಹಾಕಿದ್ದೇನೆ. ಒಳಗೆ ಬೆರಳು ಬಿಚ್ಚಿ, ನಾಣ್ಯದ ಸದ್ದಾಗಲೆಂದು ಒಮ್ಮೆ ಅಲ್ಲಾಡಿಸಿ ಹೊರತೆಗೆಯುತ್ತಿದ್ದೆ. ಪಕ್ಕದಲ್ಲಿ ಕುಳಿತವರಿಗೂ ತಿಳಿಯಲಿಲ್ಲ. ಆ ಚೀಲ ಇಲ್ಲದಿದ್ದರೆ ನಾಚಿಕೆಯಿಂದ ಕೂಟಕ್ಕೆ ಹೋಗುವುದನ್ನೇ ಬಿಡುತ್ತಿದ್ದೆ.

ಪರಿಚಯದ ಇನ್ನೊಂದು ಚರ್ಚಿನಲ್ಲಿ ಮೇಣದಬತ್ತಿಯ ಮೇಜಿನ ಮೇಲೆ, ಅಂಗಡಿಯಲ್ಲಿಡುತ್ತಾರಲ್ಲ, ಆ ಸೌಂಡ್ ಬಾಕ್ಸ್ ಇಟ್ಟಿದ್ದರು. ಪೂಜೆಯ ಮೌನದ ನಡುವೆ ಅದು "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಯೇಸುಸ್ವಾಮಿ ಹೇಳಿದರೆ ಪೆಟ್ಟಿಗೆ ಇಡೀ ಚರ್ಚಿಗೆ ಸಾರಿತು. ಮರುವಾರ ಅದನ್ನು ಎತ್ತಿಟ್ಟರು. ನಿಮ್ಮಲ್ಲಿ ಚೀಲ ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಬೇಡಿ.

ಬೀದರಿನಿಂದ

ನಾನು ನಿವೃತ್ತ ಶಿಕ್ಷಕಿ, ಮೆಥೊಡಿಸ್ಟ್ ಸಭೆಯವಳು. ನಿಮ್ಮ ಮನೆಯವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1760ರಲ್ಲಿ ಅಚ್ಚು ಹಾಕಿಸಿದ ಹಣದ ಉಪಯೋಗದ ಪ್ರಸಂಗದಿಂದ ನಮ್ಮವರು ಮೂರು ಮಾತು ಹಿಡಿದುಕೊಂಡಿದ್ದಾರೆ: ಆದಷ್ಟು ಗಳಿಸಿ, ಆದಷ್ಟು ಉಳಿಸಿ, ಆದಷ್ಟು ಕೊಡಿ. ಗಳಿಕೆಗೆ ಆತ ಹಾಕಿದ ಬೇಲಿಯನ್ನು ಮಾತ್ರ ಹೇಳುವುದಿಲ್ಲ. ನೆರೆಯವನ ಆಸ್ತಿಗೂ ದೇಹಕ್ಕೂ ಆತ್ಮಕ್ಕೂ ಕೇಡಾಗುವಂತೆ ಗಳಿಸಬಾರದು. ಜೂಜು, ಗಿರವಿ ವ್ಯಾಪಾರ, ಮದ್ಯದ ಮಾರಾಟ ಎಲ್ಲವೂ ಆ ಬೇಲಿಯ ಹೊರಗೆ. ಹಾಗಾಗಿ ಮಗನನ್ನು ಕೇಳಿ: ಈ ಲಾಭ ಎಲ್ಲಿಂದ ಬಂತು? ಯಾವುದನ್ನೋ ಅರಿತು, ತಾಳ್ಮೆಯಿಂದ ಇಟ್ಟುಕೊಂಡು ಬಂದದ್ದೋ, ಸಾಲ ಮಾಡಿ ರಾತ್ರಿಯೆಲ್ಲ ಪರದೆ ನೋಡಿ, ನಂತರ ಕೊಂಡವನ ತಲೆಗೆ ಕಟ್ಟಿ ಬಂದದ್ದೋ? ಎರಡಕ್ಕೂ ಹೆಸರು ಕ್ರಿಪ್ಟೊ ಎಂದೇ.

ಇನ್ನು ದಶಮಾಂಶ. ವೆಸ್ಲಿ ತನ್ನ ಕಾಲದ ಒಬ್ಬನ ಲೆಕ್ಕ ಕೊಡುತ್ತಾನೆ (ಅದು ಅವನದೇ ಲೆಕ್ಕ ಎನ್ನುತ್ತಾರೆ): ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂತು, 62 ಕೊಟ್ಟ. ನಾವು ಹತ್ತರಲ್ಲೊಂದನ್ನು ಎತ್ತಿಟ್ಟು ಉಳಿದ ಒಂಬತ್ತರ ಬಗ್ಗೆ ಬಾಯಿ ಮುಚ್ಚಿಕೊಳ್ಳುತ್ತೇವೆ. ₹40,000 ನಿಮ್ಮ ಕೈಗೆ ಬಂದಿದೆ. ಮಿಕ್ಕ ₹3,60,000 ಎಲ್ಲಿದೆ ಎಂದು ನಾನಾಗಿದ್ದರೆ ಕೇಳುತ್ತಿದ್ದೆ.

ಹುಬ್ಬಳ್ಳಿಯಿಂದ

ಲೆಕ್ಕಪತ್ರದ ಕೆಲಸ ಮಾಡುವವನ ಒಣ ಉತ್ತರ. ಆ ಕ್ಯೂಆರ್ ಸಭೆಯ ಹೆಸರಿನ ಖಾತೆಗೆ ಜೋಡಣೆಯಾಗಿದೆಯೋ, ಖಜಾಂಚಿಯ ಸ್ವಂತ ಮೊಬೈಲ್ ಸಂಖ್ಯೆಗೋ? ಎರಡನೆಯದಾಗಿದ್ದರೆ ಇಂದೇ ಹರಿದುಹಾಕಿ. ನಾಳೆ ತೆರಿಗೆಯವರು ಕೇಳಿದರೆ ಅದು ನಿಮ್ಮ ಆದಾಯವಲ್ಲ ಎಂದು ತೋರಿಸುವಷ್ಟರಲ್ಲಿ ಸಾಕಾಗುತ್ತದೆ.

ಹೊರದೇಶದ ಬಂಧುಗಳ ಹಣದಲ್ಲಿ ಎಚ್ಚರ. ದುಬೈಯಲ್ಲಿ ದುಡಿಯುವ ಭಾರತದ ಪಾಸ್‌ಪೋರ್ಟಿನವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವ ಪಡೆದ ಅಳಿಯ ಕೊಟ್ಟರೆ, ಅವರು ಇದೇ ಊರಿನಲ್ಲಿ ಹುಟ್ಟಿದವರಾದರೂ, ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ಖಾತೆಗೇ ಬರಬೇಕು. ಹಬ್ಬದ ದಿನ ಅವರು ಪ್ರೀತಿಯಿಂದ ಫೋನ್ ಎತ್ತಿದಾಗ ತಡೆಯುವುದು ಕಷ್ಟ, ಆದರೂ ತಡೆಯಿರಿ.

ಮಗ ರೂಪಾಯಿ ಮಾಡಿ ಕಳುಹಿಸಿದ್ದು ಒಳ್ಳೆಯದಾಯಿತು. ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ 30 ಪ್ರತಿಶತ ತೆರಿಗೆಯಿದೆ, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ತೆರಿಗೆ ಕಟ್ಟಿದ್ದಾನೆಯೇ? ಯೇಸು ಹೇಳಿದಂತೆ ಕೈಸರನದನ್ನು, ಅಂದರೆ ಸರ್ಕಾರದ ಪಾಲನ್ನು, ಕೈಸರನಿಗೆ ಕೊಡದೆ ದೇವರಿಗೆ ಲೆಕ್ಕ ಹಾಕಿದರೆ ಎರಡೂ ಕಡೆ ಬಾಕಿ.

ಬೆಂಗಳೂರಿನಿಂದ

ನಾನು ಒಂದು ಅನಾಥಾಲಯಕ್ಕೆ ತಿಂಗಳಿಗೆ ₹1,000 ತಾನಾಗಿ ಹೋಗುವಂತೆ ಮಾಡಿಟ್ಟಿದ್ದೆ. ಎರಡು ವರ್ಷ ಹೋಯಿತು. ಆ ಮಕ್ಕಳಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ, ಹಣ ಹೋಗುವುದೇ ಮರೆತಿತ್ತು. ಅದೇ ದಿನಗಳಲ್ಲಿ ನಮ್ಮ ಮನೆಗೆಲಸದ ಅಕ್ಕ ಸಂಬಳ ಹೆಚ್ಚಿಸಿ ಎಂದು ಕೇಳಿದ್ದನ್ನು ಮೂರು ಬಾರಿ ಮುಂದೂಡಿದ್ದೆ. ಕೂಲಿಯಾಳುಗಳ ತಡೆಹಿಡಿದ ಸಂಬಳವೇ ಕೂಗುತ್ತದೆ ಎಂಬ, ಬೈಬಲಿನ ಯಾಕೋಬನ ಪತ್ರಿಕೆಯ ಮಾತು ಓದಿದಾಗ ಮೈ ಜುಮ್ಮೆಂದಿತು. ಮೊದಲು ಅವರದನ್ನು ಸರಿಮಾಡಿದೆ.

ಬಳ್ಳಾರಿಯಿಂದ

ಚೀಲದ ಕಾಲವೇನು ಅಷ್ಟು ಗುಟ್ಟಿನದಾಗಿತ್ತೇ? ಸ್ತೋತ್ರ ಕಾಣಿಕೆಯ ಲಕೋಟೆಗಳನ್ನು ಹೆಸರು, ಮೊತ್ತದ ಸಮೇತ ಓದುತ್ತಿರಲಿಲ್ಲವೇ? ಬೆಳೆ ಹಬ್ಬದ ಏಲಂನಲ್ಲಿ ಒಂದು ಸೋರೆಕಾಯಿ ₹3,000ಕ್ಕೆ ಹೋದಾಗ ಸೋರೆಕಾಯಿಯ ರುಚಿಗೆ ಯಾರೂ ಕೂಗಿರಲಿಲ್ಲ. ಯೇಸು ಕಾಣಿಕೆ ಪೆಟ್ಟಿಗೆಗೆ ಎದುರಾಗಿಯೇ ಕುಳಿತು ಜನ ಹಣ ಹಾಕುವುದನ್ನು ನೋಡುತ್ತಿದ್ದನು. ನೋಡಿದ್ದರಿಂದಲೇ ಬಡ ವಿಧವೆಯೊಬ್ಬಳು ತನಗಿದ್ದ ಎರಡು ಕಾಸನ್ನೂ ಹಾಕಿದ್ದು ನಮಗೆ ತಿಳಿಯಿತು. ಖಜಾಂಚಿಯವರೇ, ನಿಮ್ಮ ಕಣ್ಣು ಕಾರಿನವರ ಇಪ್ಪತ್ತಕ್ಕೆ ಹೋಯಿತು. ಅದೇ ಪಟ್ಟಿಯಲ್ಲಿ ಇನ್ನೊಬ್ಬರ ಇಪ್ಪತ್ತೂ ಇರಬಹುದಲ್ಲ?

ಪ್ರಶ್ನೆ ಕೇಳಿದವನಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಉಪಕಾರ. ಕ್ಯೂಆರ್ ಸಭೆಯ ಖಾತೆಯದೇ ಆಗಿದೆ. ಖಾತೆಯ ವಿವರವನ್ನು ಇನ್ನು ತಿಂಗಳಿಗೊಮ್ಮೆ, ಇಬ್ಬರು ಒಟ್ಟಿಗೆ ಕುಳಿತು ತೆರೆಯುತ್ತೇವೆ. ಸಮಿತಿಗೆ ಒಟ್ಟು ಮೊತ್ತ ಮಾತ್ರ ಹೋಗುತ್ತದೆ. ಚೀಲವೂ ಇರುತ್ತದೆ.

ಬಳ್ಳಾರಿಯವರ ಮಾತು ಚುಚ್ಚಿತು, ಪಟ್ಟಿ ಮತ್ತೆ ನೋಡಿದೆ. ಪ್ರತಿ ಭಾನುವಾರ ಇಪ್ಪತ್ತು ರೂಪಾಯಿ, ಬೀಡಿ ಕಟ್ಟುವ ನಮ್ಮೊಬ್ಬ ಅಜ್ಜಿಯ ಮೊಮ್ಮಗನ ಹೆಸರಿನಲ್ಲಿ. ಅವನು ಚರ್ಚಿಗೆ ಬರುವವನಲ್ಲ. ವಿಚಾರಿಸಿದರೆ, ಅಜ್ಜಿ ಅವನಿಗೆ ನೋಟು ಕೊಟ್ಟು ಫೋನಿನಲ್ಲಿ ಹಾಕಿಸುತ್ತಾರಂತೆ. ಎಲ್ಲರೂ ಫೋನಿನಲ್ಲಿ ಕೊಡುವಾಗ ಚೀಲಕ್ಕೆ ಹಾಕಲು ಸಂಕೋಚವಂತೆ.

ಮಗ ತೆರಿಗೆ ಕಟ್ಟಿದ್ದಾನೆ. ಹಿಂದಿನ ವರ್ಷ ಇದಕ್ಕಿಂತ ಹೆಚ್ಚು ಕಳೆದುಕೊಂಡಿದ್ದನೆಂದೂ ಈಗ ಹೇಳಿದ. ಅವನ ತಾಯಿ, "ಇವನ ಮಾತು ಕೇಳಿ ದುಡ್ಡು ಹಾಕಿದ ಗೆಳೆಯರದೆಷ್ಟು ಹೋಯಿತು, ಅದನ್ನು ಕೇಳಿ" ಎಂದಳು. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಒಬ್ಬ ರೂಮಿನ ಗೆಳೆಯ ಇದ್ದಾನಂತೆ. ₹40,000 ಇನ್ನೂ ನನ್ನ ಬಳಿಯೇ ಇದೆ. ಕ್ರಿಸ್ಮಸ್‌ಗೆ ಮಗ ಬರುವಾಗ ಆ ಹುಡುಗನನ್ನೂ ಕರೆದುಕೊಂಡು ಬಾ ಎಂದಿದ್ದೇವೆ.