‘ಹೆಚ್ಚುವರಿ’ ರಿವಾಲ್ವರ್, ಅದರ ‘ಕುದುರೆ’, ಅದರ ನೀಲಿ: ಕೆಲವು ಪದಗಳ ಬಗ್ಗೆ ಪ್ರಶ್ನೆ

ಮಾನ್ಯರೆ,

ಅಮೆರಿಕದ ಪೊಲೀಸ್ ಇಲಾಖೆಯೊಂದು ದಶಕಗಳ ಕಾಲ ಬಳಸಿ ಬಿಟ್ಟ ರಿವಾಲ್ವರೊಂದನ್ನು ನಾನು ಓಹಾಯೋದಲ್ಲಿ ಪರವಾನಗಿ ಪಡೆದ ವ್ಯಾಪಾರಿಯಿಂದ ಕೊಂಡು, ಸುಸ್ಥಿತಿಗೆ ತಂದು, ಆ ಅನುಭವವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 10; 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಲ್ಲಿ ಹೊರಬಂದು, 1957ರಿಂದ ಈಚೆಗೆ ಸಂಖ್ಯೆಯಿಂದ ಕರೆಸಿಕೊಂಡ, .38 ಸ್ಪೆಷಲ್ ತೋಟಾ ಹಾಕುವ, ಆರು ಗುಂಡಿನ ರಿವಾಲ್ವರ್. ತಕ್ಕ ಕನ್ನಡ ಪದ ಸಿಗದೆ ಬರಹ ಮೂರು ಕಡೆ ನಿಂತುಹೋಗಿದೆ. ಬಲ್ಲವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು ‘ಸರ್‌ಪ್ಲಸ್’. ನಿಘಂಟುಗಳು ‘ಹೆಚ್ಚುವರಿ’ ಎನ್ನುತ್ತವೆ. ಆದರೆ ‘ಹೆಚ್ಚುವರಿ ಪೊಲೀಸ್ ರಿವಾಲ್ವರ್’ ಎಂದು ಬರೆದು ಓದಿಕೊಂಡಾಗ ನನಗೆ ಕಂಡದ್ದು ಹೆಚ್ಚುವರಿ ಪೊಲೀಸ್ ಆಯುಕ್ತರು. ಆಡಳಿತದ ಕನ್ನಡದಲ್ಲಿ ಆ ಪದಕ್ಕೆ ‘ಇರುವುದರ ಜೊತೆಗೆ ಇನ್ನೊಂದು’ ಎಂಬ ಅರ್ಥ ಗಟ್ಟಿಯಾಗಿ ಕೂತುಬಿಟ್ಟಿದೆ. ‘ಇನ್ನು ಬೇಡವಾದದ್ದು’ ಎಂಬ ಅರ್ಥ ಅದರಿಂದ ಹೊರಡುವುದಿಲ್ಲ. ‘ವಿಲೇವಾರಿ’ ಎಂದರೆ ಕಸ ಮತ್ತು ಕಡತಗಳ ನೆನಪಾಗುತ್ತದೆ. ನಿಜವಾಗಿ ನಡೆಯುವುದೂ ಬರಿಯ ವಿಲೇವಾರಿಯಲ್ಲ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿನ ಇಲಾಖೆಗಳು ರಿವಾಲ್ವರ್ ಬಿಟ್ಟು 9 ಎಂ.ಎಂ. ಪಿಸ್ತೂಲುಗಳಿಗೆ ಹೊರಳಿದಾಗ, ಹಳೆಯ ಆಯುಧಗಳನ್ನು ವ್ಯಾಪಾರಿಗೆ ಒಪ್ಪಿಸಿ, ಅವುಗಳ ಬೆಲೆಯನ್ನು ಹೊಸ ಪಿಸ್ತೂಲುಗಳ ಬೆಲೆಯಲ್ಲಿ ಮುರಿದುಕೊಂಡವು. ಇದಕ್ಕೆ ನಮ್ಮ ಮನೆಗಳಲ್ಲಿ ಮಾತಿಲ್ಲವೆ? ‘ಹಳೇ ಬಳೆ ಹಾಕಿ ಹೊಸದು ಮಾಡಿಸಿದೆ’ ಎಂದು ನಮ್ಮ ತಾಯಂದಿರು ಹೇಳುವಾಗ ಆ ‘ಹಾಕಿ’ ಎನ್ನುವುದು ಇಡೀ ವ್ಯವಹಾರವನ್ನು ಒಂದೇ ಕ್ರಿಯಾಪದದಲ್ಲಿ ಹಿಡಿದಿದೆ. ‘ಇಲಾಖೆ ಹಾಕಿದ ರಿವಾಲ್ವರ್’ ಎಂದರೆ ಓದುಗರಿಗೆ ತಿಳಿಯುತ್ತದೆಯೆ, ಅಥವಾ ಸಂದರ್ಭ ಬಿಟ್ಟರೆ ಅರ್ಥ ಕೆಡುತ್ತದೆಯೆ? ಸದ್ಯಕ್ಕೆ ‘ಇಲಾಖೆ ಬಿಟ್ಟುಕೊಟ್ಟ’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಎರಡನೆಯದು ‘ಬ್ಲೂಯಿಂಗ್’, ನನಗೆ ಹೆಚ್ಚು ಮುಖ್ಯವಾದದ್ದು. ಈ ಆಯುಧದ ಉಕ್ಕಿಗೆ ಕಡುನೀಲಿಯ ಮೈಬಣ್ಣವಿರುತ್ತದೆ. ನನ್ನ ಕೈಗೆ ಬಂದದ್ದರಲ್ಲಿ ನಳಿಗೆಯ ತುದಿಯ ಎರಡೂ ಪಕ್ಕಗಳಲ್ಲಿ ಆ ನೀಲಿ ಹೋಗಿ ಬಿಳಿಯ ಉಕ್ಕು ಕಾಣುತ್ತಿತ್ತು: ವರ್ಷಗಟ್ಟಲೆ ಚರ್ಮದ ಒರೆಗೆ ಹೋಗಿ ಬಂದು ಉಜ್ಜಿಹೋದ ಗುರುತು. ಎಡಗಡೆಯ ಮರದ ಹಿಡಿಯಲ್ಲಿ ಮೂಲೆ ಸೀಳಿತ್ತು. ಹಿಡಿಯ ಹಿಂಬದಿಯ ಲೋಹದ ಪಟ್ಟಿಯ ಮೇಲೆ ಇಲಾಖೆಯವರು ಕೆತ್ತಿದ ಮೂರಂಕಿಯ ಸಂಖ್ಯೆಯಿತ್ತು. ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದರೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊತ್ತದ್ದು ಬಹಳ, ಹಾರಿಸಿದ್ದು ಕಡಿಮೆ ಎಂಬುದು ಪೊಲೀಸರ ರಿವಾಲ್ವರುಗಳ ಸಾಮಾನ್ಯ ಕಥೆ.

ಈ ನೀಲಿಯನ್ನು ‘ನೀಲಿ ಲೇಪ’ ಎಂದು ಬರೆದಿರುವುದನ್ನು ನೋಡಿದ್ದೇನೆ. ಅದು ತಪ್ಪೆಂದು ನನ್ನ ಅಭಿಪ್ರಾಯ. ಲೇಪವಾಗಲಿ, ಕಲಾಯಿಯಾಗಲಿ ಮೇಲಿನಿಂದ ಹತ್ತಿಸಿದ ಬೇರೆ ವಸ್ತು. ಇಲ್ಲಿ ಹಾಗಿಲ್ಲ, ಕಾಸ್ಟಿಕ್ ಸೋಡ ಮತ್ತು ನೈಟ್ರೇಟು ಬೆರೆತ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರಾವಣದಲ್ಲಿ ಅದ್ದಿದಾಗ ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ತುಕ್ಕಿನ ಹತ್ತಿರದ ಸಂಬಂಧಿಯೇ ಅದು, ಆದರೆ ಮೈಗೆ ಅಂಟಿ ನಿಂತು ಕಾಯುವ ಸಂಬಂಧಿ. ಹಾಗಾಗಿಯೇ ತುಕ್ಕು ತೆಗೆಯಲು ಹುಳಿಯ ದ್ರಾವಣ ಹಾಕಿದರೆ ನೀಲಿಯೂ ಅದರೊಂದಿಗೆ ಹೋಗುತ್ತದೆ. ‘ಹೆಪ್ಪುಗಟ್ಟು’, ‘ಕಪ್ಪುಗಟ್ಟು’ ಎಂಬ ಮಾದರಿಯಲ್ಲಿ ‘ನೀಲಿಗಟ್ಟಿಸು’ ಎನ್ನಬಹುದೆ? ಹಾಲೇ ಮೊಸರಾಗುವಂತೆ ವಸ್ತುವೇ ಬದಲಾಗುತ್ತದೆ ಎಂಬ ಭಾವ ಅದರಲ್ಲಿದೆ. ಕಮ್ಮಾರರು ಕತ್ತಿಗೆ ಹದ ಹಾಕುವಾಗ ಉಕ್ಕು ಒಣಹುಲ್ಲಿನ ಬಣ್ಣದಿಂದ ನೀಲಿಗೆ ತಿರುಗುವುದನ್ನು ಕಣ್ಣಿನಿಂದಲೇ ಅಳೆಯುತ್ತಾರೆ. ಆ ಬಣ್ಣಕ್ಕೆ ಕುಲುಮೆಯಲ್ಲಿ ಪದವಿರಲೇಬೇಕು. ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಇದಕ್ಕೆ ಅಂಟಿಕೊಂಡೇ ‘ರೆಸ್ಟೋರ್’ ಎಂಬುದರ ತೊಡಕೂ ಬರುತ್ತದೆ. ಯಂತ್ರ ಸರಿಯಾಗಿ ಕೆಲಸ ಮಾಡುವಂತೆ ಮಾಡುವುದು ‘ದುರಸ್ತಿ’; ಅದರಲ್ಲಿ ಗೊಂದಲವಿಲ್ಲ. ಆದರೆ ಉಜ್ಜುಗಾಲಿಗೆ ಹಿಡಿದು ಮೈಯೆಲ್ಲ ನುಣುಪು ಮಾಡಿ ಹೊಸ ನೀಲಿ ಕಟ್ಟಿಸಿದರೆ, ಅಕ್ಷರಗಳ ಅಂಚು ಮಾಸುತ್ತದೆ, ಸ್ಕ್ರೂ ಕೂರುವ ತೂತುಗಳ ಸುತ್ತ ತಗ್ಗು ಬೀಳುತ್ತದೆ, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಇಳಿಯುತ್ತದೆ. ನಾನು ಮಾಡಿದ್ದು ಎಣ್ಣೆಯಲ್ಲಿ ನೆನೆಸಿದ ಅತಿ ನವಿರಾದ ಉಕ್ಕಿನ ನಾರಿನಿಂದ ತುಕ್ಕಿನ ಚುಕ್ಕೆಗಳನ್ನು ಮೆಲ್ಲಗೆ ಎಬ್ಬಿಸಿದ್ದು, ಒಳಗಿನ ಗಟ್ಟಿಯಾದ ಹಳೆ ಗ್ರೀಸನ್ನು ತೊಳೆದದ್ದು, ಹಿಡಿಯ ಸೀಳನ್ನು ಅಂಟಿಸಿದ್ದು. ಆ ಮೂರಂಕಿಯನ್ನು ಮುಟ್ಟಲಿಲ್ಲ. ಇದನ್ನು ‘ನವೀಕರಣ’ ಎಂದರೆ ಸುಳ್ಳಾಗುತ್ತದೆ, ಏಕೆಂದರೆ ನವವಾದದ್ದು ಏನೂ ಇಲ್ಲ. ‘ಜೀರ್ಣೋದ್ಧಾರ’ ಅರ್ಥಕ್ಕೆ ಹತ್ತಿರವಿದ್ದರೂ ದೇವಸ್ಥಾನವನ್ನು ಬಿಟ್ಟು ಹೊರಬರುವುದಿಲ್ಲ. ‘ಸುಸ್ಥಿತಿಗೆ ತರು’ ಎಂಬುದೇ ನನಗೆ ಒಪ್ಪಿಗೆಯಾಗಿದೆ. ಒಂದೇ ಪದವಾಗಿದ್ದರೆ ಇನ್ನೂ ಚೆನ್ನಾಗಿತ್ತು.

ಕೊನೆಯದು ‘ಕುದುರೆ’. ‘ಬಂದೂಕಿನ ಕುದುರೆ ಎಳೆದ’ ಎಂದಾಗ ಇಂದಿನ ಓದುಗರು ಬೆರಳಿನಿಂದ ಎಳೆಯುವ ಟ್ರಿಗರನ್ನೇ ತಿಳಿಯುತ್ತಾರೆ. ಆದರೆ ತಮಿಳಿನ ಕುದಿರೈ, ತೆಲುಗಿನ ಗುರ್ರಮು, ಹಿಂದಿಯ ಘೋಡಾ ಎಲ್ಲವೂ ಹಿಂದಕ್ಕೆ ಎತ್ತಿ ನಿಲ್ಲಿಸುವ, ಬಡಿಯುವ ಭಾಗಕ್ಕೂ ಸಲ್ಲುತ್ತವೆ. ಇಂಗ್ಲಿಷಿನವರು ಅದೇ ಭಾಗವನ್ನು ಹುಂಜವೆಂದು ಕರೆದರು. ಸಾಮಾನ್ಯ ಬರವಣಿಗೆಯಲ್ಲಿ ಈ ಬೆರಕೆಯಿಂದ ತೊಂದರೆಯಿಲ್ಲ. ಹಳೆಯ ರಿವಾಲ್ವರನ್ನು ಪರೀಕ್ಷಿಸುವ ಕ್ರಮವನ್ನು ಬರೆಯುವಾಗ ತೊಂದರೆಯಿದೆ. ಗುಂಡಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಬಡಿಯುವ ಭಾಗವನ್ನು ಹೆಬ್ಬೆರಳಿನಿಂದ ಬಹಳ ನಿಧಾನವಾಗಿ ಎತ್ತಬೇಕು; ಅದು ಪೂರ್ತಿ ಎದ್ದು ನಿಲ್ಲುವುದರೊಳಗೆ ತೋಟಾ ಕೂರುವ ಉರುಳೆ ತಿರುಗಿ ತನ್ನ ಜಾಗದಲ್ಲಿ ಟಕ್ ಎಂದು ಕಚ್ಚಿಕೊಳ್ಳಬೇಕು. ತಡವಾಗಿ ಕಚ್ಚಿದರೆ ತಾಳ ತಪ್ಪಿದೆ ಎಂದರ್ಥ, ಮತ್ತು ಅಂಥದನ್ನು ಕೊಳ್ಳಬಾರದು. ಇಲ್ಲಿ ಎತ್ತುವುದೂ ಕುದುರೆ, ಎಳೆಯುವುದೂ ಕುದುರೆ ಎಂದಾದರೆ ಓದುಗರು ಏನು ಮಾಡಬೇಕು?

ಕೊಡಗಿನಲ್ಲಿ ಕೋವಿ ಇಂದಿಗೂ ಮನೆಯ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ಒರೆಸಿ, ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುವ ಕುಟುಂಬಗಳಲ್ಲಿ ಈ ಎರಡು ಭಾಗಗಳಿಗೆ ಬೇರೆ ಬೇರೆ ಹೆಸರುಗಳು ಉಳಿದಿರಬೇಕೆಂದು ನನ್ನ ನಂಬಿಕೆ. ಕೊಡವ ತಕ್ಕ್ ಭಾಷೆ ಬಲ್ಲವರು, ಮಲೆನಾಡಿನ ಹಳೆಯ ಬೇಟೆಗಾರರ ಮಾತನ್ನು ಕೇಳಿ ಬೆಳೆದವರು, ಎತ್ತುವುದಕ್ಕೆ ಏನೆನ್ನುತ್ತಿದ್ದರು, ಎಳೆಯುವುದಕ್ಕೆ ಏನೆನ್ನುತ್ತಿದ್ದರು ಎಂಬುದನ್ನು ಊರಿನ ಹೆಸರಿನೊಂದಿಗೆ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.