ಹತ್ತರಿ ಕೊಡಿಸಿದ ಹೆಂಡತಿ: ಬೆಂಬಲವೋ, ಸಹನೆಯೋ?

ಹತ್ತರಿ ಹವ್ಯಾಸಿ, ದಾವಣಗೆರೆ: ಮದುವೆಯ ವಾರ್ಷಿಕೋತ್ಸವಕ್ಕೆ ನನ್ನ ಶ್ರೀಮತಿಯವರು ಮರ ಹೆರೆದು ನುಣುಪು ಮಾಡುವ ಹೊಸ ಹತ್ತರಿ ಕೊಡಿಸಿದ್ದಲ್ಲದೆ, ನನ್ನ ಮರಗೆಲಸಕ್ಕಾಗಿ ಹಿತ್ತಲಿನ ಬಟ್ಟೆ ಒಗೆಯುವ ಜಾಗವನ್ನೂ ಬಿಟ್ಟುಕೊಟ್ಟಿದ್ದಾರೆ. ಹಳೆಯ ಬಾಗಿಲಿನ ತೇಗದಿಂದ ನಾನು ಮಾಡಿದ ಮೊದಲ ಸ್ಟೂಲು ಕುಂಟುತ್ತಿದ್ದರೂ, ಒಂದು ಕಾಲಿನ ಅಡಿಗೆ ರಟ್ಟು ಮಡಿಸಿಟ್ಟು, ಅದರ ಮೇಲೆಯೇ ಕುಳಿತು ಸೊಪ್ಪು ಸೋಸುತ್ತಾರೆ. ಸಂಗಾತಿಯ ಇಂತಹ ಬೆಂಬಲವಿಲ್ಲದೆ ಯಾವ ಹವ್ಯಾಸವೂ ಉಳಿಯದು.

ನಿಟುವಳ್ಳಿ ಗೃಹಿಣಿ: "ಬಿಟ್ಟುಕೊಟ್ಟಿದ್ದಾರೆ" ಎಂದಿರಲ್ಲ, ಅವರೀಗ ಬಟ್ಟೆಯನ್ನು ಎಲ್ಲಿ ಒಗೆಯುತ್ತಾರೆಂದು ಬರೆಯಲಿಲ್ಲವೇಕೆ? ನಮ್ಮ ಯಜಮಾನರಿಗೂ ಇದೇ ಹುಚ್ಚು. ಸ್ಯಾಂಡಿಂಗ್ ಮಷಿನ್ ಓಡಿದ ದಿನ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೂ ಕಂದು ಧೂಳು, ಒರೆಸುವವಳು ನಾನು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಬೆಂಬಲವೆನ್ನಬೇಡಿ, ಸಹನೆಯೆನ್ನಿ.

ದುರ್ಗದ ಬಡಗಿ: 1995ರ ಆ ಮಾತನ್ನು ಎಲ್ಲರೂ ಅರ್ಧ ಓದಿಕೊಂಡು ಬಂದು ಹೇಳುತ್ತಾರೆ. ಅದಕ್ಕೆ ಆಧಾರವಾದದ್ದು ಬಹುಮಟ್ಟಿಗೆ ಪೀಠೋಪಕರಣ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಗಟ್ಟಿಮರದ ಧೂಳು ಕುಡಿದ ಕಾರ್ಮಿಕರೇ ಹೊರತು ಭಾನುವಾರದ ಹವ್ಯಾಸಿಗಳಲ್ಲ. ಅಲ್ಲದೆ ಹತ್ತರಿಯಿಂದ ಏಳುವುದು ಸುರುಳಿ, ಧೂಳಲ್ಲ.

ನಿಟುವಳ್ಳಿ ಗೃಹಿಣಿ: "ಗಟ್ಟಿಮರ" ಎಂದು ತಾವೇ ಒಪ್ಪಿಕೊಂಡಿರಿ. ತೇಗವೂ ಗಟ್ಟಿಮರವೇ.

ದುರ್ಗದ ಬಡಗಿ: ತೇಗವನ್ನು ಗಟ್ಟಿಮರವೆನ್ನುವವರು ಒಮ್ಮೆ ಜಾಲಿಗೆ ಉಳಿ ಇಟ್ಟು ನೋಡಲಿ! ನಮ್ಮ ತಂದೆಯವರು ಗಾಡಿಯ ಚಕ್ರಕ್ಕೆ ಜಾಲಿಯನ್ನೇ ಹಾಕುತ್ತಿದ್ದರು, ಕೊಡತಿಯ ಏಟಿಗೆ ಉಳಿಯೇ ಹಿಂದಕ್ಕೆ ನೆಗೆಯುತ್ತಿತ್ತು.

ಹೊಳಲ್ಕೆರೆ ಮೇಷ್ಟ್ರು: ಸಸ್ಯಶಾಸ್ತ್ರದಲ್ಲಿ ಗಟ್ಟಿಮರವೆಂದರೆ ಉಳಿಗೆ ಬಗ್ಗದ ಮರವೆಂದಲ್ಲ, ಹೂಬಿಡುವ ಅಗಲ ಎಲೆಯ ಜಾತಿಯ ಮರವೆಂದು. ಬೆಂಡಿನಷ್ಟು ಹಗುರವಾದ ಬಾಲ್ಸಾ ಕೂಡ ಆ ಲೆಕ್ಕದಲ್ಲಿ ಗಟ್ಟಿಮರ, ಪೈನ್ ಮೆದುಮರ.

ದುರ್ಗದ ಬಡಗಿ: ಬಾಲ್ಸಾ ನಮ್ಮ ದುರ್ಗದ ಯಾವ ಗುಡ್ಡದಲ್ಲಿ ಬೆಳೆಯುತ್ತದೆ ಸ್ವಾಮಿ? ಮೂರು ತಲೆಮಾರು ಮರ ಕೆತ್ತಿದವರಿಗೆ ಪುಸ್ತಕದವರು ಮರದ ಜಾತಿ ಹೇಳಿಕೊಡುವ ಕಾಲ ಬಂತು!

ಹೊಳಲ್ಕೆರೆ ಮೇಷ್ಟ್ರು: ದುರ್ಗದಲ್ಲಿ ಬೆಳೆಯುತ್ತದೆಂದು ನಾನು ಹೇಳಿಯೇ ಇಲ್ಲ. ತಲೆಮಾರುಗಳನ್ನು ಎಣಿಸಿದ ಮಾತ್ರಕ್ಕೆ ವರ್ಗೀಕರಣ ಬದಲಾಗದು.

ಹರಿಹರದ ಸೊಸೆ: ಎಲ್ಲರೂ ಹೆಂಡತಿಯ ಬೆಂಬಲವನ್ನೇ ತೂಗುತ್ತಿದ್ದೀರಿ. ನಮ್ಮ ಮನೆಯಲ್ಲಿ ಉಳಿ ಹಿಡಿಯುವವಳು ನಾನು. ನಮ್ಮವರು ಹೊಗಳುವುದೂ ಇಲ್ಲ, ಉಡುಗೊರೆ ಕೊಡುವುದೂ ಇಲ್ಲ. ಗರಗಸ ಎಳೆಯುವಾಗ ಹಲಗೆಯ ಇನ್ನೊಂದು ತುದಿ ಹಿಡಿದು ನಿಲ್ಲುತ್ತಾರೆ, ಆಮೇಲೆ ಹೊಟ್ಟು ಗುಡಿಸುತ್ತಾರೆ.

ದುರ್ಗದ ಬಡಗಿ: "ಹಿಡಿದು ನಿಲ್ಲುತ್ತಾರೆ" ಎಂದರೆ ತಮ್ಮ ಮನೆಯಲ್ಲಿ ಹಲಗೆಯನ್ನು ಬಿಗಿದು ಹಿಡಿಯುವ ಒಂದು ಶಿಕಂಜೆಯೂ ಇಲ್ಲವೆಂದಾಯಿತು.

ಹತ್ತರಿ ಹವ್ಯಾಸಿ, ದಾವಣಗೆರೆ: ಮೂಲ ಪ್ರಶ್ನೆಗೆ ಉತ್ತರಿಸುತ್ತೇನೆ: ಬಟ್ಟೆಯನ್ನು ಈಗ ತಾರಸಿಯ ಮೇಲೆ ಒಗೆಯುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿದೆಯೆಂದು ಶ್ರೀಮತಿಯವರೇ ಹೇಳಿದ್ದಾರೆ.

ನಿಟುವಳ್ಳಿ ಗೃಹಿಣಿ: ಅವರೇ ಹೇಳಿದರೆಂದು ತಾವು ಹೇಳುತ್ತಿದ್ದೀರಿ. ಬಕೆಟ್ಟನ್ನು ಮೆಟ್ಟಿಲು ಹತ್ತಿಸುವವರು ಯಾರು?